ಖಂಡೆನವಮಿ ದಿನ ಬಂದ ಆಕಾಶ

2011ರ ಅಕ್ಟೋಬರಿನ್ಯಾಗ ಹದಿನೈದು ದಿನದಾಗ ನಂಗ ನಾಕು ಫೋನ್ ಬಂದಿದ್ವು, ನಾಕೂ ಒಂದ ವಿಷಯಕ್ಕ. ಬೆಳಗಾವಿ ಅಕ್ಕ, ಗದಗಿನ ನಾದಿನಿ, ನಮ್ಮ ಕಾಕಾನ ಮಗಳು, ಮತ್ತ ಮಗ್ಗಲ ಮನಿ ವೈನಿ. ವೈನಿ ಕಂಪೌಂಡಿನ ಆಚಿಕಡೆ ನಿಂತು ಒದರಿದ್ರೂ ನಂಗ ಕೇಳಸ್ತಿತ್ತು, ಆದ್ರೂ ಫೋನ್ ಮಾಡಿದ್ರು. ಎಲ್ಲಾರದೂ ಒಂದ ಪ್ರಶ್ನೆ: "ಎರಡು ಸಾವಿರ ರೂಪಾಯಿಗೆ ಸರಕಾರ ಕಂಪ್ಯೂಟರ್ ಕೊಡ್ತದಂತಲ್ಲ, ದೀಪಾವಳಿಗೆ ಹುಡುಗರಿಗೆ ತೊಗೊಳ್ಳೋಣೇನು?"

ನಾ ನಿಮಗೆಲ್ಲಾ ಮೆಣಸಿನಕಾಯಿ ಚಟ್ನಿ, ಬಾಣಂತಿ ಅಂಟಿನುಂಡಿ ಬರದು ಹೇಳ್ತೀನಂತ ನನ್ನ ಕಂಪ್ಯೂಟರ್ ಪಂಡಿತಳನ್ನ ಮಾಡಿಬಿಟ್ಟೀರಿ. ಕಲಿತದ್ದು ಪಿಯುಸಿ, ಅದೂ ಆರ್ಟ್ಸ್. ಕಂಪ್ಯೂಟರ್ ಮುಟ್ಟಲಿಕ್ಕೆ ಕಲಿಸಿದಾಕಿ ಸೊಸಿ. ಆದ್ರೂ ಕೇಳೀರಿ, ಹೇಳ್ತೀನಿ. ಸಣ್ಣ ಉತ್ತರ ಮೊದಲ ಹೇಳಿಬಿಡ್ತೀನಿ: 2011ರ ದೀಪಾವಳಿಗೆ ತೊಗೊಳ್ಳಿಕ್ಕೆ ಅದು ಅಂಗಡ್ಯಾಗ ಸಿಗ್ತಿರಲಿಲ್ಲ. ಸರಕಾರದ್ದು ಕಾಲೇಜಿನ ಹುಡುಗರಿಗೆ, ಕಾಲೇಜಿನ ಮುಖಾಂತರ ಇತ್ತು. ಅದ ಕಂಪನಿ ಅಂಗಡಿಗೆ ಅಂತ ಬ್ಯಾರೆ ಒಂದು ಮಾಡಿತ್ತು, ಯೂಬಿಸ್ಲೇಟ್ ಅಂತ, 2,999 ರೂಪಾಯಿ ಅಂತ ಹೇಳಿದ್ರು, ಅದು ಆವಾಗ ಇನ್ನೂ ಬಂದಿರಲಿಲ್ಲ. ಯಾರರ ಬಂದು "ಅಡ್ವಾನ್ಸ್ ಕೊಡ್ರಿ ಬಾಯಾರ, ನಾ ತರಸಿ ಕೊಡ್ತೀನಿ" ಅಂದ್ರ ಒಂದು ಪೈಸಾ ಕೊಡಬ್ಯಾಡ್ರಿ.

ಉದ್ದ ಉತ್ತರ ಇನ್ನ ಮುಂದ ಅದ. ಯಾಕಂದ್ರ ಈ ಸಾಮಾನು ನೋಡಿದಾಗಿಂದ ನನ್ನ ತಲ್ಯಾಗ ಒಂದು ಮಾತು ಕೊರೀಲಿಕ್ಕೆ ಹತ್ತೇದ.

ಅಕ್ಟೋಬರ್ 5 ಬುಧವಾರ, ಖಂಡೆನವಮಿ. ನಮ್ಮ ಮನ್ಯಾಗ ಇಳಿಗಿ, ಕತ್ತರಿ, ಮಿಕ್ಸರ್, ಹೊಲಿಗಿ ಮಷಿನ್, ನಮ್ಮನಿಯವರ ಸ್ಕೂಟರ್, ಹಿಂದ ಈ ಕಂಪ್ಯೂಟರ್, ಎಲ್ಲಾಕ್ಕೂ ಕುಂಕುಮ ಹಚ್ಚಿ ಚೆಂಡು ಹೂ ಏರಿಸಿದ ದಿನ. ಅವತ್ತ ದಿಲ್ಲಿಯೊಳಗ ಆವಾಗ ಕೇಂದ್ರದ ಶಿಕ್ಷಣ ಖಾತೆ ನೋಡ್ತಿದ್ದ ಮಂತ್ರಿ ಕಪಿಲ್ ಸಿಬಲ್ ಅವರು ಇದನ್ನ ಎತ್ತಿ ತೋರಿಸಿದ್ರು. ಹೆಸರು ಆಕಾಶ್. ಪಂಚಾಂಗದಷ್ಟು ಅದ ನೋಡ್ರಿ, 7 ಇಂಚಿನ ಗಾಜು, ಕೀಲಿಮಣೆ ಇಲ್ಲ, ಗಾಜಿನ ಮ್ಯಾಲ ಒತ್ತಿದ್ರ ಕೆಲಸಾ ಮಾಡ್ತದ. ತೂಕ 350 ಗ್ರಾಂ. ಡೇಟಾವಿಂಡ್ ಅನ್ನೋ ಕಂಪನಿ, ರಾಜಸ್ಥಾನದ ಐಐಟಿ ಜೊತಿ ಕೂಡಿ ಮಾಡಿದ್ದು. ಜೋಡಿಸ್ತಿದ್ದದ್ದು ಹೈದರಾಬಾದಿನ್ಯಾಗ. ಸರಕಾರಕ್ಕ ಒಂದು ಸುಮಾರು 2,250 ರೂಪಾಯಿಗೆ ಬೀಳ್ತಿತ್ತು, ಅದರಾಗ ಸರಕಾರ ತಂದು ಒಂದಿಷ್ಟು ಹಾಕಿ ಹುಡುಗರಿಗೆ ಇನ್ನೂ ಕಡಿಮಿಗೆ ಕೊಡೋದಿತ್ತು. ಮೊದಲನೇ ಕಂತಿನ್ಯಾಗ ಒಂದು ಲಕ್ಷ ಮಾಡಸ್ತೀವಿ ಅಂದಿದ್ರು.

ಮರುದಿನ ಬನ್ನಿ ಹಬ್ಬ. ಮುಂಜಾನೆದ್ದು ಟೀವಿ ಹಚ್ಚಿದ್ರ ಅಮೆರಿಕಾದಾಗ ಸ್ಟೀವ್ ಜಾಬ್ಸ್ ತೀರಿಕೊಂಡ ಸುದ್ದಿ. ಐಪ್ಯಾಡ್ ಮಾಡಿದ ಮನಷ್ಯಾ. ನಮ್ಮ ಅಕ್ಕನ ಮಗ ಬೆಂಗಳೂರಿನ್ಯಾಗ ಸಾಫ್ಟ್‌ವೇರ್ ಕೆಲಸದಾಗ ಇದ್ದಾನ, ಹಬ್ಬಕ್ಕ ಬಂದಿದ್ದ. ಅವನ ಮಾರಿ ಸಣ್ಣದಾಗಿತ್ತು, ಮನಿ ಮಂದಿನ ಕಳಕೊಂಡವರಂಗ ಕೂತಿದ್ದ. ನಾನು ಅವನ ಸಮಾಧಾನಕ್ಕಂತ "ಇರಲಿ ತಗೋ, ನಮ್ಮವರೂ ಒಂದು ಮಾಡ್ಯಾರಲ್ಲ, ನಿನ್ನೆ ತೋರಿಸಿದ್ರಲ್ಲ" ಅಂದೆ. ಅಲ್ಲಿತನಕಾ ಅಳೋ ಮಾರಿ ಮಾಡಿದ್ದಂವಾ ಬಿದ್ದು ಬಿದ್ದು ನಕ್ಕ. "ಮೌಶಿ, ಅದು ಕಂಪ್ಯೂಟರಲ್ಲ, ಡಬ್ಬಾ. ಅದರ ಓಟ 366, ಐಪ್ಯಾಡಿಂದು ಸಾವಿರ, ಅದೂ ಜೋಡಿ ಎಂಜಿನ್. ಅದರ ಗಾಜು ಬಟ್ಟಿಂದ ಸವರಿದ್ರ ಓಡೂದಿಲ್ಲ, ಒತ್ತಬೇಕು" ಅಂತ ಶುರು ಮಾಡಿದ.

ಅವನ ಲೆಕ್ಕ ಖರೆ ಇದ್ದೀತು. ನಂದೂ ಒಂದು ಲೆಕ್ಕ ಅದ. 2011ರಾಗ ನಮ್ಮ ದೇಶದಾಗ ಬಂದ ಐಪ್ಯಾಡ್ 2, ಎಲ್ಲಾದಕ್ಕಿಂತ ಸೋವಿ ಇದ್ದದ್ದು 29,500 ರೂಪಾಯಿ. ಆವಾಗ ಅಷ್ಟರಾಗ ಒಂದು ತೊಲಿ ಬಂಗಾರ ತೊಗೊಂಡು ಮ್ಯಾಲ ಚಿಲ್ಲರ ಉಳೀತಿದ್ವು. ಈ ಆಕಾಶ್ ಆವಾಗಿನ ಒಂದು ಗ್ರಾಂ ಬಂಗಾರದ ರೊಕ್ಕದಾಗ ಬಂದು ಹೋಗ್ತಿತ್ತು. ಒಂದು ತೊಲಿ ಬಂಗಾರದ ಪಾಟ್ಲಿ ಎದುರು ಒಂದು ಗ್ರಾಂ ಬಂಗಾರದ ಮೂಗಬಟ್ಟು ಇಟ್ಟು, "ನೋಡು, ಇದು ಎಷ್ಟು ಸಣ್ಣದು" ಅಂತ ನಗೋರು ಯಾರರ ಇರ್ತಾರೇನು? ಮೂಗಬಟ್ಟು ಹಾಕ್ಕೊಳ್ಳಾಕೀಗೆ ಅದ ಬೇಕಾಗಿರ್ತದ. ನಾ ಹಿಂಗಂದದ್ದಕ್ಕ ಅವಾ "ಮೌಶಿ, ನೀ ಎಲ್ಲಾದಕ್ಕೂ ಬಂಗಾರ ತರ್ತೀ" ಅಂದ. ತರ್ತೀನಿ, ನಮಗ ಗೊತ್ತಿರೋ ತಕ್ಕಡಿ ಅದ.

ನಗೋರು ಎಲ್ಲಾ ಕೈಯಾಗ ಒಂದು ಇಟ್ಕೊಂಡು ನಗಲಿಕ್ಹತ್ಯಾರ. ಇದನ್ನ ನಾ ಮೊದಲ ನೋಡಿದೆ. ಪೇಪರಿನ್ಯಾಗ ಬರದವರು, ಟೀವಿಯೊಳಗ ಕೂತವರು, ನಮ್ಮ ಅಕ್ಕನ ಮಗ, ಎಲ್ಲಾರ ಕಿಸೇದಾಗೂ ಹತ್ತು-ಹದಿನೈದು ಸಾವಿರದ ಫೋನ್ ಅವ. ಮನ್ಯಾಗ ಗ್ಯಾಸ್ ಇದ್ದವರು ಸೀಮೆಎಣ್ಣೆ ಸ್ಟೋವ್ ನೋಡಿ ಮೂಗು ಮುರದಂಗ. ಕಟಗಿ ಒಲಿ ಊದೂ ಹೆಣ್ಣಮಗಳಿಗೆ ಸ್ಟೋವ್ ಬಂದಾಗ ಏನನಿಸಿತ್ತು ಅಂತ ನಮ್ಮ ವಯಸ್ಸಿನವರಿಗೆ ಗೊತ್ತದ.

ಆ ಒತ್ತೋ ಗಾಜಿನ ಬಗ್ಗೆ ಒಂದು ಮಾತು. ಐಪ್ಯಾಡಿನಂಥಾ ಗಾಜಿಗೆ ಬರೇ ಬಟ್ಟು ಬೇಕು, ಒದ್ದಿ ಕೈ ನಡಿಯೂದಿಲ್ಲ, ಕಡ್ಡಿ ನಡಿಯೂದಿಲ್ಲ. ಆಕಾಶಿನ ಗಾಜು ಏನರ ಒತ್ತಿದ್ರೂ ಕೇಳ್ತದ, ಉಗುರು, ಪೆನ್ನಿನ ಹಿಂದಿನ ತುದಿ, ಚಮಚಾದ ಹಿಡಿ. ಕೈಯಾಗ ರೊಟ್ಟಿ ಹಿಟ್ಟು ಇದ್ದಾಗ ಬಟ್ಟಿನ ಗೆಣಿಕಿಯಿಂದ ಒತ್ತಿದ್ರೂ ನಡೀತದ. ಇದನ್ನ ದೋಷ ಅಂತ ಬರದವರು ಒಬ್ಬರರ ರೊಟ್ಟಿ ಬಡಿಯೋರು ಇದ್ದಾರೇನು? ಇನ್ನೊಂದು, ಇದಕ್ಕ ಪೆನ್‌ಡ್ರೈವ್ ಚುಚ್ಚಲಿಕ್ಕೆ ಎರಡು ಕಿಂಡಿ ಅವ. ಆವಾಗಿನ ಐಪ್ಯಾಡಿಗೆ ಒಂದೂ ಇರಲಿಲ್ಲ. ಇಂಟರ್‌ನೆಟ್ ಇಲ್ಲದ ಊರಾಗ ಒಬ್ಬರು ಪಾಠ ತಂದು ಪೆನ್‌ಡ್ರೈವಿನಿಂದ ಹತ್ತು ಮಂದಿಗೆ ಹಂಚಬಹುದು, ಹಿಟ್ಟಿನ ಗಿರಣಿ ಮುಂದ ಹೆಣ್ಣಮಕ್ಕಳು ಮಸಾಲಿ ಪುಡಿ ಪಾಕೀಟು ಹಂಚಿಕೊಂಡಂಗ. ಇದನ್ನ ಹೇಳಿದಾಗ ಅಕ್ಕನ ಮಗ ಸುಮ್ಮನಾದ. ಸ್ವಲ್ಪ ಹೊತ್ತು ಅಷ್ಟ.

ಹಂಗಂತ ನಾ ಇದಕ್ಕ ಆರತಿ ಎತ್ತಲಿಕ್ಹತ್ತಿಲ್ಲ. ಮಂತ್ರಿಗಳ ಮಾತು ನಂಬಿ ಕುಣಿಯೋ ವಯಸ್ಸು ದಾಟಿ ಭಾಳ ದಿನ ಆತು. ನಮ್ಮನಿಯವರಿಗೆ ಪೇಪರ್ ಕತ್ತರಿಸಿ ಇಡೋ ಚಟ. ತೆಗೆದು ತೋರಿಸಿದ್ರು. 2009ರ ಫೆಬ್ರುವರಿಯೊಳಗ ತಿರುಪತಿಯೊಳಗ ಇದ ಕೇಂದ್ರದವರು 500 ರೂಪಾಯಿ ಲ್ಯಾಪ್‌ಟಾಪ್ ಅಂತ ಡಂಗುರಾ ಸಾರಿದ್ರು. ತೆರದು ನೋಡಿದ್ರ ಅದು ಲ್ಯಾಪ್‌ಟಾಪ್ ಅಲ್ಲವೇ ಅಲ್ಲ, ಪಾಠ ತುಂಬಿ ಇಡೋ ಪೆಟ್ಟಿಗಿ. 2010ರ ಜುಲೈದಾಗ ಸಿಬಲ್ ಅವರು 1,500 ರೂಪಾಯಿದು ಅಂತ ಒಂದನ್ನ ತೋರಿಸಿದ್ರು. 2011ರಾಗ 2,250. ಲಗ್ನದ ಮಾತುಕತಿಯೊಳಗ ಹುಡುಗನ ಪಗಾರ ಕೇಳಿದಂಗ ಇದು, ಪ್ರತಿ ಸಲ ಬ್ಯಾರೆ ಹೇಳ್ತಾರ. ಆದ್ರ ಈ ಸಲ 500 ಹುಡುಗರ ಕೈಯಾಗ ಖರೆ ಖರೆ ಕೊಟ್ಟಾರಲ್ಲ, ಅಷ್ಟು ಮುಂದ ಬಂದದ.

ಅದ ಕತ್ತರಿಸಿದ ಕಾಗದದಾಗ ಇನ್ನೊಂದು ಸಿಕ್ತು, ಅದನ್ನ ಓದಿ ನಂಗ ಹೊಟ್ಟ್ಯಾಗ ಕಸಿವಿಸಿ ಆತು. ಸಿಂಪ್ಯೂಟರ್. ನಿಮಗ ನೆನಪದ ಏನು? ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರರು ಕೂಡಿ ಹಳ್ಳಿ ಮಂದಿಗಂತ ಮಾಡಿದ್ದು. ಅಂಗೈಯಾಗ ಹಿಡಿಯೋ ಕಂಪ್ಯೂಟರ್, ಕಡ್ಡಿಯಿಂದ ಗಾಜಿನ ಮ್ಯಾಲ ಬರಿಯೋದು. 2004ರಾಗ ಬೆಂಗಳೂರಿನ ಬಿಇಎಲ್ ಕಾರಖಾನ್ಯಾಗ ತಯಾರಾಗಿ ಬಂತು, 9,950 ರೂಪಾಯಿ. ಐಪ್ಯಾಡ್ ಹುಟ್ಟೋಕಿಂತ ಆರು ವರ್ಷ ಮೊದಲ! ಅದರ ಹೆಸರಿನ್ಯಾಗನ 'ಬಹುಭಾಷೆ' ಅನ್ನೋ ಮಾತಿತ್ತು, ಕನ್ನಡಾ ಓದಿ ಹೇಳ್ತಿತ್ತು. ಓದಲಿಕ್ಕೆ ಬರದ ಮಂದಿ ಕೇಳಿ ತಿಳಕೊಳ್ಳಲಿ ಅಂತ. ಅದು ಹೆಚ್ಚು ಖಪಲಿಲ್ಲ, ಸದ್ದಿಲ್ಲದ ಮೂಲಿ ಸೇರಿತು. ಹತ್ತು ಸಾವಿರ ಆವಾಗ ಹಳ್ಳಿ ಮಂದಿಗೆ ಭಾಳ ಆತು, ಪ್ಯಾಟಿ ಮಂದಿಗೆ ಅದು ಬ್ಯಾಡಾತು.

ಸಿಂಪ್ಯೂಟರಿಗೆ ಕನ್ನಡ ಇತ್ತು, ಬೆಲಿ ಇರಲಿಲ್ಲ. ಆಕಾಶಿಗೆ ಬೆಲಿ ಇತ್ತು, ಕನ್ನಡ ಇರಲಿಲ್ಲ. ಇದು ನನ್ನ ಮುಖ್ಯ ತಕರಾರು.

ಇಲ್ಲೆ ಸ್ವಲ್ಪ ಬಿಡಿಸಿ ಹೇಳಬೇಕು. ಆಕಾಶಿನ ಒಳಗ ಓಡೋದು ಆಂಡ್ರಾಯ್ಡ್ ಅನ್ನೋದು, ಅದರಾಗ 2.2 ಅನ್ನೋ ನಮೂನಿ. ಆ ನಮೂನ್ಯಾಗ ಕನ್ನಡ ಅಕ್ಷರ ಇಟ್ಟಿಲ್ಲ. ನಮ್ಮ ಅಕ್ಕನ ಮಗನ ಫೋನಿನ್ಯಾಗ ಇದ ಅದ. ನಾ ಬರದದ್ದನ್ನ ಅವಾ ಫೋನಿನ್ಯಾಗ ತೆರದು ತೋರಿಸಿದ. ಒಂದು ಅಕ್ಷರಾ ಇಲ್ಲ, ಸಾಲಿಗೆ ಸಾಲು ಬರೇ ಚೌಕ ಚೌಕ ಡಬ್ಬಿ. ಹೋಳಿಗಿ ಬಗ್ಗೆ ಬರದದ್ದೂ ಡಬ್ಬಿ, ನಮ್ಮ ಅತ್ತಿಯವರ ಬಗ್ಗೆ ಬರದದ್ದೂ ಡಬ್ಬಿ. ಅಡಗಿ ಮನ್ಯಾಗ ಚೀಟಿ ಹಚ್ಚದ ಡಬ್ಬಿ ಇದ್ರ ಮುಚ್ಚಳ ತೆಗೆದು ಮೂಸಿ ನೋಡ್ತೀವಿ, ಇದು ಜೀರಗಿ, ಇದು ಬಡೆಸೋಪು ಅಂತ. ಈ ಡಬ್ಬಿಗೆ ಮುಚ್ಚಳಾನೂ ಇಲ್ಲ.

"ಮೌಶಿ, ಅದೇನ್ ದೊಡ್ಡದಲ್ಲ, ಮುಂದ ಬರ್ತದ" ಅಂದ. ಮುಂದ ಬರ್ತದ, ಖರೆ. ತಾನ ಬರೂದಿಲ್ಲ, ಯಾರರ ಕೂತು ಮಾಡಬೇಕು. ನಾ ಈಗ ಬೆರಳು ಒತ್ತಿ ಕನ್ನಡ ಬರೀಲಿಕ್ಹತ್ತೇನಲ್ಲ, ಅದು 'ಬರಹ'ದಾಗ. ಅಮೆರಿಕಾದಾಗ ಕೆಲಸಕ್ಕಿದ್ದ ಶೇಷಾದ್ರಿವಾಸು ಅನ್ನೋ ನಮ್ಮ ಕನ್ನಡದವರು ಒಬ್ಬರು 1998ರಾಗ ಅದನ್ನ ಮಾಡಿ ಪುಕ್ಕಟೆ ಕೊಟ್ರು. ಆಮ್ಯಾಲ ಕನ್ನಡ ಗಣಕ ಪರಿಷತ್ತಿನವರ 'ನುಡಿ' ಬಂತು. ಒಬ್ಬರಿಗೆ ಮನಸ್ಸು ಬಂದು ಕೂತದ್ದಕ್ಕ ನನ್ನಂಥಾ ಪಿಯುಸಿ ಕಲಿತಾಕಿ ಇವತ್ತ ಬರೀತೀನಿ, ಇಂಗ್ಲಿಷ್ ಕಲಿತು ಬರೀಲಿಕ್ಕೆ ಹೋಗಿದ್ರ ಕುಂತಲ್ಲೆ ಉಳೀತಿದ್ದೆ. ಸರಕಾರ ಒಂದು ಲಕ್ಷ ಸಾಮಾನು ಕೊಳ್ಳೋ ಗಿರಾಕಿ. ನಾವು ಒಂದು ಕುಕ್ಕರ್ ತೊಗೊಂಡ್ರ ಅಂಗಡಿಯವನಿಗೆ ಎರಡು ಗಾಸ್ಕೆಟ್ ಹೆಚ್ಚಿಗಿ ಹಾಕಸ್ತೀವಿ. ಲಕ್ಷ ಕೊಳ್ಳೋ ಗಿರಾಕಿ, "ನಮ್ಮ ದೇಶದ ಅಕ್ಷರ ಕಾಣಸೂಹಂಗ ಮಾಡಿ ಕೊಟ್ರ ತೊಗೋತೀನಿ, ಇಲ್ಲಾಂದ್ರ ಬ್ಯಾಡ" ಅಂತ ಒಂದು ಮಾತು ಅನ್ನಬೇಕಿತ್ತು.

ಒಳಗಿನ ಪಾಠದ್ದೂ ಅದ ಕಥಿ. ಐಐಟಿಗಳು, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಕೂಡಿ ಎನ್‌ಪಿಟಿಇಎಲ್ ಅಂತ ಪಾಠದ ವಿಡಿಯೋ ಮಾಡ್ಯಾರ. ದೊಡ್ಡ ದೊಡ್ಡ ಪ್ರೊಫೆಸರರು ಕರೀ ಹಲಗಿ ಮುಂದ ನಿಂತು ಕಲಸ್ತಾರ, ಪುಕ್ಕಟೆ. ಭಾಳ ಛಲೋ ಕೆಲಸ, ಎರಡು ಮಾತಿಲ್ಲ. ಆವಾಗ ಅವು ಇಂಗ್ಲಿಷಿನ್ಯಾಗ ಇದ್ವು, ಹೆಚ್ಚಿನವು ಇಂಜಿನಿಯರಿಂಗ್ ಕಲಿಯೋರಿಗೆ. ಕನ್ನಡ ಮೀಡಿಯಂದಾಗ ಕಲಿತು ಬಿಎ ಓದೋ ಹುಡುಗಿ ಅದನ್ನ ತೆರದು ಏನ ಮಾಡಬೇಕು? ನಾ ಪಿಯುಸಿಗೆ ಬಂದಾಗ ಒಮ್ಮಿಂದೊಮ್ಮೆ ಎಲ್ಲಾ ಇಂಗ್ಲಿಷ್ ಆಗಿ ಮೊದಲನೇ ಮೂರು ತಿಂಗಳು ಬರೇ ಮಾಸ್ತರರ ಮಾರಿ ನೋಡಿಕೋತ ಕೂತಿದ್ದೆ. ಆ ಮೂರು ತಿಂಗಳು ಈಗಿನ ಹುಡುಗ್ಯಾರಿಗೂ ತಪ್ಪಿಲ್ಲ. ಅದನ್ನ ತಪ್ಪಸೋ ಸಾಮಾನು ಬಂದ್ರ ನಾ ಖರೇನ ಆರತಿ ಎತ್ತತೀನಿ.

ಕರೆಂಟಿನ ಮಾತು ಲಗೂನ ಮುಗಸ್ತೀನಿ, ನಿಮಗ ನಾ ಹೇಳೂದು ಬೇಕಿಲ್ಲ. ಇದರ ಬ್ಯಾಟರಿ ಹೆಚ್ಚಂದ್ರ ಮೂರು ತಾಸು. ಆ ತಿಂಗಳು ತೆಲಂಗಾಣದ ಗದ್ದಲಕ್ಕ ಸಿಂಗರೇಣಿ ಕಲ್ಲಿದ್ದಲು ಬರವಲ್ದಾಗಿತ್ತು, ರಾಯಚೂರಿನ ಕರೆಂಟ್ ಕಾರಖಾನಿ ಹೊಟ್ಟಿಗೆ ಕೂಳಿಲ್ಲದಂಗ ಆಗಿತ್ತು, ನಮ್ಮ ಮನ್ಯಾಗ ಮುಂಜಾನಿ ಹೋದ ಕರೆಂಟ್ ಯಾವಾಗ ಬರ್ತದಂತ ದೇವರ ಹೇಳಬೇಕಿತ್ತು. ಹಳ್ಳಿಯೊಳಗಂತೂ ಕೇಳಬ್ಯಾಡ್ರಿ. ದಿಲ್ಲಿಯೊಳಗ ಎಸಿ ಖೋಲ್ಯಾಗ ಕೂತವರಿಗೆ ಮೂರು ತಾಸು ಸಾಕನಿಸೀತು. ಆ ತಿಂಗಳು ಹಳ್ಳಿ ಮನ್ಯಾಗ ಒಂದು ವಾರ ಇಟ್ಟು ನೋಡಬೇಕಿತ್ತು. ಸರಕಾರದ್ದಕ್ಕ ಇಂಟರ್‌ನೆಟ್ ಬೇಕಾದ್ರ ವೈಫೈ ಬೇಕಿತ್ತು. ಆವಾಗ ನಮ್ಮ ಓಣ್ಯಾಗ ಯಾರ ಮನ್ಯಾಗ ಇತ್ತು ಹೇಳ್ರಿ. ಪೆನ್‌ಡ್ರೈವಿನ ಕಿಂಡಿ ಅದಾವಲ್ಲ ಅಂತ ನಾ ಅಷ್ಟು ಖುಷಿ ಆದದ್ದು ಅದಕ್ಕ.

ಈಗ ನನ್ನ ತಲೀ ಕೊರಿಯೋ ಮಾತಿಗೆ ಬರ್ತೀನಿ. ಓಟ ಎಷ್ಟು, ಗಾಜು ಎಂಥಾದ್ದು, ಬ್ಯಾಟರಿ ಎಷ್ಟು ತಾಸು, ಎಲ್ಲಾ ಪೇಪರಿನ್ಯಾಗ ಬಂತು. ಮನಿಗೆ ಬಂದ ಮ್ಯಾಲ ಅದು ಯಾರ ಕೈಯಾಗ ಇರ್ತದ ಅನ್ನೂದನ್ನ ಯಾರೂ ಬರೀಲಿಲ್ಲ. ಆ ಪ್ರಶ್ನೆ ಬರದವರು ಗಂಡಸರ ಇರಬೇಕು, ಅವರಿಗೆ ಹೊಳದಿಲ್ಲ.

ನಮ್ಮ ಮನಿಗೆ ಭಾಂಡಿ ಕೆಲಸಕ್ಕ ಬರ್ತಾಳಲ್ಲ, ಆಕೀಗೆ ಒಬ್ಬಾಕಿ ಮಗಳು, ಒಬ್ಬ ಮಗ. ಮಗಳು ದೊಡ್ಡಾಕಿ. ಪಿಯುಸಿ ಛಲೋ ಮಾರ್ಕ್ಸಿನಿಂದ ಪಾಸಾದ್ಲು. ಕಾಲೇಜಿಗೆ ಎರಡು ಬಸ್ ಬದಲಿಸಿ ಹೋಗಬೇಕು, ಮನ್ಯಾಗ ಮಲಗಿದ ಅಜ್ಜಿನ ನೋಡಬೇಕು. ಬಿಡಿಸಿದ್ರು. ಹುಡುಗಿ ಹಟಾ ಮಾಡಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕ ಬಿಎ ಕಟ್ಯಾಳ, ಮನ್ಯಾಗ ಕೂತು ಓದ್ತಾಳ. ಮಗ ಡಿಪ್ಲೊಮಾ, ದಿನಾ ಕಾಲೇಜಿಗೆ ಹೋಗ್ತಾನ. ಒಳ್ಳೆ ಹುಡುಗ, ಅವನ ಬಗ್ಗೆ ನಂದೇನೂ ತಕರಾರಿಲ್ಲ. ಆ ಮನಿಗೆ ಒಂದು ಮೊಬೈಲ್ ಅದ, ತಾಯಿ ರೊಕ್ಕಾ ಕೂಡಿಸಿ ತೊಗೊಂಡಿದ್ದು. ಅದು ಯಾರ ಕಿಸೇದಾಗ ಇರ್ತದ ಅಂತ ನೀವು ಹೇಳ್ರಿ ನೋಡೋಣು. ತಾಯಿಗೆ ನಾ ಫೋನ್ ಮಾಡಿದ್ರ ಮಗಾ ಎತ್ತತಾನ, "ಅವ್ವಾ ಬಂದಮ್ಯಾಲ ಹೇಳ್ತೀನ್ರಿ" ಅಂತಾನ.

ಆಕಾಶ್ ಕಾಲೇಜಿನ ಹಾಜರಿ ಪಟ್ಟಿ ಹಿಡಕೊಂಡು ಹಂಚಿದ್ರ ಆ ಮನ್ಯಾಗ ಯಾರ ಹೆಸರಿಗೆ ಬರ್ತದ? ಮಗಂದು. ಕಾಲೇಜಿಗೆ ಹೋಗೋನಿಗೆ ಮಾಸ್ತರರು ಅದಾರ, ಲೈಬ್ರರಿ ಅದ, ಕಂಪ್ಯೂಟರ್ ಲ್ಯಾಬ್ ಅದ, ಗೆಳೆಯಾರು ಅದಾರ, ಮ್ಯಾಲ ಇದೂ ಬರ್ತದ. ಮನ್ಯಾಗ ಕೂತು ಓದೋ ಹುಡುಗಿಗೆ ಪೋಸ್ಟಿನ್ಯಾಗ ಬಂದ ಪುಸ್ತಕ ಬಿಟ್ಟು ಏನೂ ಇಲ್ಲ. ಒಂದು ಸಂಶಯ ಬಂದ್ರ ಕೇಳಲಿಕ್ಕೆ ನನ್ನ ಹತ್ರ ಬರ್ತಾಳ, ನಂಗ ಮೂವತ್ತೈದು ವರ್ಷದ ಹಿಂದಿನ ಅರ್ಥಶಾಸ್ತ್ರ ಎಷ್ಟು ನೆನಪಿರ್ತದ್ರಿ? ಮನಿ ಬಿಟ್ಟು ಹೋಗಲಿಕ್ಕೆ ಆಗಲಾರದವರಿಗೇ ಅಲ್ಲೇನು ಮನಿತನಕಾ ಬರೋ ಸಾಮಾನು ಬೇಕಾಗಿದ್ದು? ಹಿಂಗ ಹಾಜರಿ ಪಟ್ಟಿಯಿಂದ ಹೆಸರು ಹೋದ ಹುಡುಗ್ಯಾರು ನಮ್ಮ ಓಣ್ಯಾಗನ ಐದು ಮಂದಿ ಇದ್ದಾರ. ನೀವು ನಿಮ್ಮ ಓಣ್ಯಾಗ ಎಣಸಿ ನೋಡ್ರಿ.

ಸೈಕಲ್ಲಿನ ಮಾತು ಇಲ್ಲೆ ನೆನಪಾಗ್ತದ. ನಾ ಸಾಲಿಗೆ ಹೋಗೋ ಮುಂದ ನಮ್ಮ ಮನ್ಯಾಗ ಒಂದು ಸೈಕಲ್ ಇತ್ತು. ಅಪ್ಪಾ "ಮಕ್ಕಳಿಗೆ" ಅಂತ ತಂದದ್ದು. ಅದು ಯಾರದು ಅಂತ ಯಾರೂ ಕೇಳಲಿಲ್ಲ, ಅಣ್ಣಂದು. ಅಪ್ಪಾ ಕೆಟ್ಟವರಲ್ಲ, ಅಣ್ಣಾನೂ ಕೆಟ್ಟಾಂವಲ್ಲ, ಒಂದು ಇದ್ರ ಅದು ಅವಂದ ಆಗ್ತಿತ್ತು, ನೀರು ಇಳಕಲಿಗೆ ಹರದಂಗ. ನಮ್ಮ ರಾಜ್ಯದಾಗ 2006-07ರಾಗ ಎಂಟನೇತ್ತಾ ಹುಡುಗ್ಯಾರಿಗೆ ಸರಕಾರ ಸೈಕಲ್ ಕೊಡಲಿಕ್ಕೆ ಶುರು ಮಾಡ್ತು. ಆಮ್ಯಾಲ ಹುಡುಗರಿಗೂ ಕೊಟ್ರು. ನಂಗ ಅದ ಛಲೋ ಅನಿಸ್ತು, ಅಣ್ಣಗ ಅವಂದು, ತಂಗಿಗೆ ಆಕೀದು, ಜಗಳ ಇಲ್ಲ. ಆಮ್ಯಾಲ ಹಳ್ಳಿ ಕಡೆ ಮುಂಜಾನಿ ಬಸ್ಸಿನ್ಯಾಗ ಹೋಗೋ ಮುಂದ ಕಿಡಕ್ಯಾಗ ನೋಡಿದ್ರ, ಎರಡು ಜಡಿ, ರಿಬ್ಬನ್, ಹಿಂದ ಕ್ಯಾರಿಯರ್ ಮ್ಯಾಲ ದಫ್ತರ, ಸಾಲು ಸಾಲು ಸೈಕಲ್ ಕಾಣಸ್ತಿದ್ವು. ಆ ಸೈಕಲ್ ಗಟ್ಟಿ ಇಲ್ಲ, ಬೆಲ್ ಬಾರಸೂದಿಲ್ಲ ಅಂತ ಪೇಪರಿನ್ಯಾಗ ಬಂದಿತ್ತು ಆವಾಗನೂ. ಇದ್ದಿರಬಹುದು. ಹುಡುಗಿ ಹೆಸರಿಗೆ ಕೊಟ್ರು, ಹುಡುಗಿ ಹೊಡದ್ಲು.

ಅದಕ್ಕ ನನ್ನ ಅಭಿಪ್ರಾಯ ಕೇಳಿದ್ರ, ಈ ಆಕಾಶನ್ನ ಮೊದಲ ಕೊಡಬೇಕಾಗಿದ್ದು ಇಂಜಿನಿಯರಿಂಗ್ ಕಾಲೇಜಿಗಲ್ಲ. ಮುಕ್ತ ವಿಶ್ವವಿದ್ಯಾಲಯಕ್ಕ ಹೆಸರು ಹಚ್ಚಿ ಮನ್ಯಾಗ ಓದೋ ಹೆಣ್ಣಮಕ್ಕಳಿಗೆ, ಅವರ ಹೆಸರಿಗೆ, ಅವರ ಸಹಿ ಮ್ಯಾಲ. ಮೈಸೂರಿನವರ ಹತ್ರ ಅವರ ಪಟ್ಟಿ ಇದ್ದ ಅದ, ವಿಳಾಸ ಸಮೇತ, ಪುಸ್ತಕ ಪೋಸ್ಟಿನ್ಯಾಗ ಕಳಸ್ತಾರಲ್ಲ. ಪುಸ್ತಕ ಕನ್ನಡದಾಗ ಅವ. ಅವನ್ನ ಇದರಾಗ ತುಂಬಿ ಕೊಡಲಿ. ಅಕ್ಷರ ಕಾಣಸೂದಿಲ್ಲಾಂದ್ರ ಪಾನಾ ಪಾನಾ ಫೋಟೋ ತೆಗೆದು ತುಂಬಿದ್ರೂ ನಡೀತದ, ಅಕ್ಕನ ಮಗನ್ನ ಕೇಳಿದೆ, ಹೌದು ಫೋಟೋ ಆದ್ರ ಡಬ್ಬಿ ಆಗೂದಿಲ್ಲ ಅಂದ. ವರ್ಷಕ್ಕ ಒಂದಿಷ್ಟು ದಿನ ಕರದು ಪಾಠ ಮಾಡೋ ಮಾಸ್ತರರು ಒಂದು ಸಲ ಕ್ಯಾಮೆರಾ ಮುಂದ ಮಾಡಿದ್ರ ಅದನ್ನೂ ತುಂಬಬಹುದು. ಓಟ 366 ಇದ್ರ ಏನಾತು, ಆಕಿ ಅದರಾಗ ಕುದುರಿ ಆಟ ಆಡಬೇಕಾಗಿಲ್ಲ, ಅರ್ಥಶಾಸ್ತ್ರ ಓದಬೇಕಾಗೇದ.

"ಹುಡುಗಿ ಹೆಸರಿಗೆ ಕೊಟ್ರೂ ತಮ್ಮಾ ಕಸಗೋತಾನ" ಅಂತ ನಮ್ಮನಿಯವರು ಅಂದ್ರು. ಕಸಗೋಬಹುದು. ಆದ್ರ "ಅದು ನಂದು, ಕೊಡು" ಅನ್ನಲಿಕ್ಕೆ ಆಕೀಗೆ ಒಂದು ಹಕ್ಕರ ಇರ್ತದ, ನಂಗ ಸೈಕಲ್ಲಿನ ಮ್ಯಾಲ ಅದೂ ಇರಲಿಲ್ಲ. ಮತ್ತ ಇನ್ನೊಂದು ಕೆಲಸ ನಮ್ಮದೂ ಅದ, ಮನಿ ಹೆಣ್ಣಮಕ್ಕಳದು. ಇಂಥಾದ್ದು ಅಂಗಡಿಗೆ ಬಂದಾಗ ನಿಮ್ಮ ಮನ್ಯಾಗ ತೊಗೊಳ್ಳೋ ಮಾತು ಬರ್ತದ. ಆ ಯೂಬಿಸ್ಲೇಟಿಗೆ ಸಿಮ್ ಹಾಕಲಿಕ್ಕೆ ಬರ್ತಿತ್ತಂತ, ವೈಫೈ ಬೇಕಿರಲಿಲ್ಲ. ಆವಾಗ ಕೈಯಾಗ ಹಿಡದು ನೋಡ್ರಿ, ಅಂಗಡಿಯವನ ಮುಂದನ ಒಂದು ಕನ್ನಡ ಪೇಪರ್ ತೆರಸಿ ನೋಡ್ರಿ, ಡಬ್ಬಿ ಕಂಡ್ರ ಅವನಿಗೆ ವಾಪಸ್ ಕೊಟ್ಟು "ಅಕ್ಷರ ಬಂದಾಗ ಹೇಳು" ಅಂತ ಹೇಳಿ ಬರ್ರಿ. ಹತ್ತು ಮಂದಿ ಹಂಗಂದ್ರ ಅಂಗಡಿಯವ ಕಂಪನಿಗೆ ಹೇಳ್ತಾನ. ತೊಗೊಂಡ್ರಂತೂ, ಮಗನೂ ಮಗಳೂ ಇದ್ದ ಮನ್ಯಾಗ, ಬಿಲ್ ಮಗಳ ಹೆಸರಿಲೆ ಮಾಡಸ್ರಿ.

ವೈನಿ ಇದನ್ನ ಕೇಳಿ "ನನ್ನ ಇಬ್ಬರೂ ಗಂಡಹುಡುಗರು, ನಾ ಏನ ಮಾಡಲಿ?" ಅಂದ್ರು. "ನಿಮ್ಮ ಹೆಸರಿಲೆ ಮಾಡಸ್ರಿ" ಅಂದೆ. ಅವರು ಮೆಟ್ರಿಕ್ ಪಾಸ್, ಅಕ್ಷರ ಮುತ್ತಿನಂಗ, ಅವರ ಕೈಯಾಗಿನ ಕಡಬು ನಿಮಗೆಲ್ಲಾ ಗೊತ್ತದ. ಬರೀರಿ ಅಂತ ಮೂರು ವರ್ಷದಿಂದ ಹೇಳಲಿಕ್ಹತ್ತೀನಿ.

ಕೆಲಸದಾಕಿ ಮಗಳು ನಿನ್ನೆ ಸಂಜಿಮುಂದ ತಾಯಿ ಬದಲಿ ಬಂದಿದ್ಲು. ಟೀವಿಯೊಳಗ ನೋಡ್ಯಾಳ. "ಅಕ್ಕಾರ, ಅದು ನಮ್ಮಂಥಾ ಪೋಸ್ಟಿನ್ಯಾಗ ಓದೋರಿಗೂ ಕೊಡ್ತಾರೇನ್ರಿ?" ಅಂತ ಕೇಳಿದ್ಲು. ಮೈಸೂರಿಗೆ ಒಂದು ಕಾಗದಾ ಬರದು ಕೇಳೋಣು ಅಂತ ಹೇಳೇನಿ. ಆಕಿ ತನ್ನ ನೋಂದಣಿ ನಂಬರ್ ತರ್ತಾಳ, ನಾ ಬರದು ಕೊಡ್ತೀನಿ, ಸಹಿ ಆಕೀದು. ನಿಮ್ಮ ಓಣ್ಯಾಗ ಹಂಥಾ ಹುಡುಗ್ಯಾರಿದ್ರ ಅವರದೂ ಹೆಸರು, ನಂಬರ್ ಬರಸಿಕೊಂಡು ನಂಗ ಹೇಳ್ರಿ. ಒಬ್ಬಾಕಿ ಸಹಿಗಿಂತ ಹತ್ತು ಮಂದಿ ಸಹಿ ಇದ್ರ ಅಲ್ಲೆ ಯಾರರ ಲಕೋಟಿ ಒಡದು ನೋಡ್ಯಾರು. ದೀಪಾವಳಿ ಪಾಡ್ಯ ಮುಗದ ಮರುದಿನ ಪೋಸ್ಟಿಗೆ ಹಾಕ್ತೀನಿ, ಅದಕ್ಕಿಂತ ಮೊದಲ ಕಳಸ್ರಿ.